ರೇಷ್ಮೆ ಬಟ್ಟೆಯ ಚಿಪ್ ಎಲೈಸಾ ಕೆಲಸ ಮಾಡೀತೆ?

ಪ್ರಶ್ನೆ: ನಾನು ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನ ಡಿಪ್ಲೊಮಾ) ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ರೇಷ್ಮೆ ಬಟ್ಟೆಯಿಂದ ರೋಗಪತ್ತೆ ಚಿಪ್ ಮಾಡಿದ್ದರಂತೆ. ರಕ್ತದಂಥ ಸ್ಯಾಂಪಲ್‌ನಲ್ಲಿ ರೋಗದ ಗುರುತು ಹುಡುಕುವ ಎಲೈಸಾ ಪರೀಕ್ಷೆಗೆ ಗಂಟೆಗಟ್ಟಲೆ ಸಮಯ, ವಾಷರ್, ರೀಡರ್ ಎಲ್ಲ ಬೇಕು. ಬಟ್ಟೆಯ ತುಂಡು ಅದನ್ನು ನಿಮಿಷಗಳಲ್ಲಿ ಮಾಡುವುದು ಹೇಗೆ ಸರ್? ಫಲಿತಾಂಶ ನಂಬಬಹುದೇ?

ಉತ್ತರ: ಅದು ಅಚಿರಾ ಲ್ಯಾಬ್ಸ್‌ನ ಧನಂಜಯ ದೆಂಡುಕೂರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ‘ಫ್ಯಾಬ್-ಚಿಪ್’. ಆಂಟಿಬಾಡಿ (ರೋಗದ ಗುರುತಾದ ಅಣುವನ್ನು, ಅಂದರೆ ಆಂಟಿಜೆನ್ ಅನ್ನು, ಹಿಡಿಯುವ ಪ್ರೋಟೀನ್) ಲೇಪಿಸಿದ ರೇಷ್ಮೆ ನೂಲನ್ನು ಕೈಮಗ್ಗದಲ್ಲಿ ನೇಯ್ದರು. ನಮ್ಮ ನೇಕಾರರ ಕಸುಬೇ ಇಲ್ಲಿ ಕಾರ್ಖಾನೆಯಾಯಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನೂಲು ತಾನೇ ಸ್ಯಾಂಪಲ್ಲನ್ನು ಹೀರಿ ಮುಂದಕ್ಕೊಯ್ಯುವುದರಿಂದ ಪಂಪ್ ಬೇಡ.

ಇನ್ನು ವೇಗದ ಮಾತು. ಎಲೈಸಾ ಪ್ಲೇಟಿನ ಗುಳಿಯಲ್ಲಿ ದ್ರವ ಸುಮಾರು 3 ಮಿ.ಮೀ. ಆಳ ಇರುತ್ತದೆ, ಅದರಲ್ಲಿರುವ ಅಣುಗಳು ಗುಳಿಯ ಗೋಡೆಗೆ ತಲುಪಿದರಷ್ಟೇ ಅಂಟುತ್ತವೆ. ಆಂಟಿಬಾಡಿಯಂಥ ದೊಡ್ಡ ಅಣು ತಾನಾಗಿ ಅಲೆಯುತ್ತಾ 1 ಮಿ.ಮೀ. ಸಾಗಲು 3 ಗಂಟೆಗೂ ಹೆಚ್ಚು ಬೇಕು, 0.1 ಮಿ.ಮೀ.ಗೆ 2 ನಿಮಿಷ ಸಾಕು. ದೂರ ಹತ್ತರಲ್ಲೊಂದಾದರೆ ಸಮಯ ನೂರರಲ್ಲೊಂದು. ಎಳೆಗಳ ನಡುವಿನ ಸಂದುಗಳು ಅದಕ್ಕಿಂತಲೂ ಕಿರಿದು.

ನಂಬಿಕೆಯ ಪ್ರಶ್ನೆ ಬೇರೆ. ಬಟ್ಟೆಯಾಗಲಿ ಕಾಗದವಾಗಲಿ ಅಗ್ಗ. ದುಬಾರಿಯಾಗುವುದು ಒಳ್ಳೆಯ ಆಂಟಿಬಾಡಿ, ಅದು ಸೆಕೆ-ತೇವಕ್ಕೆ ಕೆಡದಂತೆ ಕಾಯುವುದು, ಪ್ರತಿ ಬ್ಯಾಚೂ ಒಂದೇ ತರಹ ಬರುವಂತೆ ನೋಡಿಕೊಳ್ಳುವುದು. ಚಿಪ್ಪಿನ ಬೆಲೆಯನ್ನಷ್ಟೇ ಹೇಳುವ ವರದಿಗಳು ಇದನ್ನು ಬಿಟ್ಟುಬಿಡುತ್ತವೆ.

ಇನ್ನೊಂದು, ತೊಳೆಯುವ ಹಂತ (ವಾಷ್), ಅಂದರೆ ಅಂಟದೆ ಉಳಿದದ್ದನ್ನು ತೆಗೆದುಹಾಕುವುದು. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸಿಯಾ ತಂಡ ರುವಾಂಡಾದಲ್ಲಿ ಎಚ್‌ಐವಿ, ಸಿಫಿಲಿಸ್‌ಗೆ ಪರೀಕ್ಷಿಸಿದ ಪ್ಲಾಸ್ಟಿಕ್ ಚಿಪ್‌ನಲ್ಲಿ (2011) ಅದನ್ನು ಉಳಿಸಿಕೊಂಡಿತು: ರಾಸಾಯನಿಕಗಳನ್ನೂ ವಾಷ್ ದ್ರಾವಣವನ್ನೂ ನಡುನಡುವೆ ಗಾಳಿ ಬಿಟ್ಟು ಒಂದೇ ನಳಿಗೆಯಲ್ಲಿ ಸಾಲಾಗಿ ತುಂಬಿ, ಸಿರಿಂಜಿನಿಂದ ಎಳೆದರು. ನೀವು ದಿನವೂ ಹಾಕುವ, ಗೆರೆ ಮೂಡಿ ಫಲಿತಾಂಶ ಹೇಳುವ ಸಾಧಾರಣ ಕಾರ್ಡ್ ಟೆಸ್ಟ್‌ನಲ್ಲಿ ಪ್ರತ್ಯೇಕ ವಾಷ್ ಇಲ್ಲ. ಹಾಗಾಗಿ ಎರಡು ಆಂಟಿಬಾಡಿಗಳ ನಡುವೆ ಆಂಟಿಜೆನ್ ಹಿಡಿಯುವ ಟೆಸ್ಟ್‌ನಲ್ಲಿ ಆಂಟಿಜೆನ್ ವಿಪರೀತ ಇದ್ದರೆ, ಅದು ಎರಡೂ ಕಡೆಯ ಆಂಟಿಬಾಡಿಗಳನ್ನು ಬೇರೆಬೇರೆಯಾಗಿ ತುಂಬಿಬಿಡುತ್ತದೆ. ಜೋಡಣೆ ಆಗದೆ ಟಿ (ಟೆಸ್ಟ್) ಗೆರೆ ಮಸುಕಾಗುತ್ತದೆ, ಕೆಲವೊಮ್ಮೆ ಮೂಡುವುದೇ ಇಲ್ಲ. ಇದೇ ಹುಕ್ ಎಫೆಕ್ಟ್. ಆಗಲೂ ಸಿ (ಕಂಟ್ರೋಲ್) ಗೆರೆ ಚೆನ್ನಾಗಿಯೇ ಬರುತ್ತದೆ, ಯಾಕೆಂದರೆ ಅದು ಹೇಳುವುದು ದ್ರವ ಹರಿಯಿತು, ಬಣ್ಣದ ಆಂಟಿಬಾಡಿ ಸರಿಯಿದೆ ಎಂದಷ್ಟೇ. ರೋಗಿಯ ಲಕ್ಷಣಕ್ಕೂ ಕಾರ್ಡಿಗೂ ತಾಳೆಯಾಗದಿದ್ದರೆ ಲ್ಯಾಬ್ ಮುಖ್ಯಸ್ಥರನ್ನು ಕೇಳಿ, ಸ್ಯಾಂಪಲ್ ಡೈಲ್ಯೂಟ್ ಮಾಡಿ ಮತ್ತೆ ಹಾಕಿ. ಡೈಲ್ಯೂಟ್ ಮಾಡಿದ ಮೇಲೆ ಗೆರೆ ದಟ್ಟವಾದರೆ ಮೊದಲ ನೆಗೆಟಿವ್ ರಿಪೋರ್ಟ್ ಕಳಿಸಬೇಡಿ.