ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಮೂಲನಿವಾಸಿ ಮಾಯಾ ಜನ ನೀರು ಹೊರೋಕೆ ಎಂಥ ಮಡಿಕೆ ಬಳಸ್ತಿದ್ರು?

ಊರಿಗೊಂದು ಥರ ಇತ್ತು. ಮೆಕ್ಸಿಕೋದ ಚಿಯಾಪಸ್ ರಾಜ್ಯದಲ್ಲಿ ಅಮಾತೆನಾಂಗೋ ಅಂತ ಊರಿದೆ, ಅಲ್ಲಿ ತ್ಸೆಲ್ತಾಲ್ ಭಾಷೆ ಆಡೋ ಮಾಯಾ ಹೆಂಗಸರೇ ಮಡಿಕೆ ಮಾಡೋದು, ತಿಗರಿ ಇಲ್ಲ, ಮಣ್ಣಿನ ಸುರುಳಿ ಒಂದರ ಮೇಲೊಂದು ಕೂರಿಸಿ ಕೈಯಲ್ಲೇ ಎಬ್ಬಿಸ್ತಾರೆ, ಗೂಡೂ ಇಲ್ಲ, ಬಯಲಲ್ಲೇ ಸುತ್ತ ಸೌದೆ ಪೇರಿಸಿ ಸುಡ್ತಾರೆ. ಅಲ್ಲಿನ ನೀರಿನ ಕೊಡಕ್ಕೆ ದುಂಡು ಹೊಟ್ಟೆ, ಕಿರಿದು ಕತ್ತು, ಮೂರು ಹಿಡಿ. ಹಿಡಿಗೆ ಹಗ್ಗ ಹಾಕಿ, ಆ ಹಗ್ಗದ ಪಟ್ಟಿನ ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರ್ತಿದ್ರು, ಕೈ ಫ್ರೀ ಆದ್ರೂ ಕತ್ತಿನ ಗತಿ ದೇವರೇ ಬಲ್ಲ! ಪಕ್ಕದ ಗ್ವಾಟೆಮಾಲಾ ದೇಶದಲ್ಲಿ ನೀರಿನ ಕೊಡಕ್ಕೆ ತಿನಾಹಾ ಅಂತಾರೆ, ಅದನ್ನ ನಮ್ಮ ಕಡೆ ಥರಾನೇ ತಲೆ ಮೇಲೆ ಹೊರೋದು. ಮಣ್ಣಿನಿಂದ ನೀರು ಸಣ್ಣಗೆ ಜಿನುಗಿ ಆವಿಯಾಗೋದ್ರಿಂದ ಒಳಗಿನ ನೀರು ತಣ್ಣಗಿರುತ್ತೆ. ಈಗ ಪ್ಲಾಸ್ಟಿಕ್ ಕೊಡ ಬಂದ್ಮೇಲೆ ಅಮಾತೆನಾಂಗೋದಲ್ಲಿ ಟೂರಿಸ್ಟ್‌ಗಳಿಗೆ ಪಾರಿವಾಳ, ಜಾಗ್ವಾರ್ ಗೊಂಬೆ ಮಾಡೋದೇ ಜಾಸ್ತಿ.