ಪೆರ್ಲದ ಜನಸಂಖ್ಯೆ ಪಟ್ಟಿಯಲ್ಲಿ ಏಕೆ ಸಿಗುವುದಿಲ್ಲ, ಅಲ್ಲಿಗೆ ಹೋಗುವ ದಾರಿ ಯಾವುದು?

ಕಾಸರಗೋಡಿನ ಪೆರ್ಲದ ಜನಸಂಖ್ಯೆ ಎಷ್ಟು, ಜನಗಣತಿ ಪಟ್ಟಿಯಲ್ಲಿ ಆ ಹೆಸರೇ ಏಕೆ ಇಲ್ಲ, ಬಸ್ಸು ರೈಲಿನ ಅನುಕೂಲ ಹೇಗೆ ಎಂದು ಕೇಳಿದ್ದೀರಿ. ಪೆರ್ಲ ಪೇಟೆಯ ಹೆಸರು, ಕಂದಾಯ ಗ್ರಾಮದ್ದಲ್ಲ. ಹಳ್ಳಿಗಾಡಿನಲ್ಲಿ ಜನಗಣತಿ ಲೆಕ್ಕ ಇಡುವುದು ಕಂದಾಯ ಗ್ರಾಮಗಳಿಗೆ. ಪೆರ್ಲ ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಅದರೊಳಗೆ ಎಣ್ಮಕಜೆ, ಪಡ್ರೆ, ಶೇಣಿ, ಕಾಟುಕುಕ್ಕೆ ಎಂಬ ಗ್ರಾಮಗಳಿವೆ. ಹುಡುಕಬೇಕಾದದ್ದು ಈ ಹೆಸರುಗಳನ್ನು.

ಎಲ್ಲಿ ಹುಡುಕುತ್ತೀರಿ ಎಂಬುದೂ ಮುಖ್ಯ. 2011ರ ಜನಗಣತಿಯ ಕಾಸರಗೋಡು ಜಿಲ್ಲಾ ಕೈಪಿಡಿಯಲ್ಲಿ ಮಂಜೇಶ್ವರ ತಾಲೂಕು ಸಿಗುವುದಿಲ್ಲ, ಏಕೆಂದರೆ ಆ ತಾಲೂಕು ಆದದ್ದೇ 2014ರಲ್ಲಿ. ಈಗ ಉಪ್ಪಳದಲ್ಲಿರುವ ಮಂಜೇಶ್ವರ ತಾಲೂಕು ಕಚೇರಿಗೆ ಸೇರಿದ ಈ ಗ್ರಾಮಗಳೆಲ್ಲ ಆಗ ಕಾಸರಗೋಡು ತಾಲೂಕಿನವು. ಹೆಚ್ಚಿನವರು ಎಡವುವುದು ಇಲ್ಲೇ. ಕೈಪಿಡಿಯ 'ಬಿ' ಭಾಗದಲ್ಲಿ ಮನೆಗಳು, ಒಟ್ಟು ಜನ, ಆರು ವರ್ಷದವರೆಗಿನ ಮಕ್ಕಳು, ಅಕ್ಷರಸ್ಥರು ಎಂದು ಬೇರೆ ಬೇರೆ ಕಾಲಂ ಇರುತ್ತದೆ. ಒಟ್ಟು ಜನರನ್ನು ಮನೆಗಳಿಂದ ಭಾಗಿಸಿ ನೋಡಿ. ನಾಲ್ಕೈದರ ಆಸುಪಾಸು ಬಾರದಿದ್ದರೆ ನೀವು ತಪ್ಪು ಕಾಲಂ ಓದಿದ್ದೀರಿ. ಸಾಕ್ಷರತೆಯ ಪ್ರಮಾಣ ಬೇಕಾದರೆ ಒಟ್ಟು ಜನರಿಂದ ಆ ಮಕ್ಕಳನ್ನು ಮೊದಲು ಕಳೆಯಬೇಕು, ಇಲ್ಲವಾದರೆ ಪ್ರಮಾಣ ಕಡಿಮೆ ಬರುತ್ತದೆ. ನಾಲ್ಕು ಗ್ರಾಮಗಳನ್ನು ಕೂಡಿಸಿ ಬಂದದ್ದನ್ನು ದಯವಿಟ್ಟು 'ಪೆರ್ಲದ ಜನಸಂಖ್ಯೆ' ಎಂದು ಬರೆಯಬೇಡಿ. ಅದು ಪಂಚಾಯತಿನ ಸಂಖ್ಯೆ. ಪಕ್ಕದಲ್ಲಿ 2011 ಎಂದೂ ಹಾಕಿ.

'ಎ' ಭಾಗದಲ್ಲಿ ಬಸ್ಸು, ರೈಲು, ಅಂಚೆ ಮುಂತಾದ ಸೌಕರ್ಯಗಳಿವೆ. ಸೌಕರ್ಯ ಊರಲ್ಲಿ ಇಲ್ಲದಿದ್ದರೆ ದೂರವನ್ನು ಅಕ್ಷರದಲ್ಲಿ ಕೊಡುತ್ತಾರೆ: 'ಎ' ಎಂದರೆ 5 ಕಿ.ಮೀ. ಒಳಗೆ, 'ಬಿ' 5ರಿಂದ 10, 'ಸಿ' ಅದಕ್ಕಿಂತ ದೂರ. ನಮ್ಮ ಕಡೆ ಇದನ್ನು ಪೂರ್ತಿ ನಂಬಲಾಗದು. ಮನೆಗಳು ಒಂದೆಡೆ ಗುಂಪಾಗಿಲ್ಲ, ಅಡಿಕೆ ತೋಟ, ಗುಡ್ಡಗಳ ನಡುವೆ ಚದುರಿವೆ. ಒಂದೇ ಗ್ರಾಮದಲ್ಲಿ ಕೆಲವರ ಅಂಗಳದ ಎದುರೇ ಬಸ್ಸು ನಿಂತರೆ, ಕೆಲವರು ಗುಡ್ಡ ಇಳಿದು ಬರಬೇಕು.

ಇನ್ನು ದಾರಿ. ಪೆರ್ಲದ ಬೆನ್ನೆಲುಬು ಚೆರ್ಕಳ–ಕಲ್ಲಡ್ಕ ರಸ್ತೆ. ಚೆರ್ಕಳದಿಂದ ಬದಿಯಡ್ಕ, ಉಕ್ಕಿನಡ್ಕ ದಾಟಿ ಪೆರ್ಲ, ಮುಂದೆ ಅಡ್ಕಸ್ಥಳ, ಸಾರಡ್ಕದ ಕೇರಳ–ಕರ್ನಾಟಕ ಗಡಿ, ಅಡ್ಯನಡ್ಕ, ವಿಟ್ಲ, ಕಲ್ಲಡ್ಕ. ಮಂಗಳೂರಿನಿಂದ ಕಲ್ಲಡ್ಕ, ವಿಟ್ಲದ ಮೇಲೆ ಬರಬಹುದು. ಇಲ್ಲವೇ ತಲಪಾಡಿ ದಾಟಿ ಕುಂಬಳೆಯಲ್ಲಿ ಇಳಿದು ಸೀತಾಂಗೋಳಿ, ಬದಿಯಡ್ಕದ ಮೂಲಕ ಬರಬಹುದು. ಪುತ್ತೂರಿನವರಿಗೆ ವಿಟ್ಲದ ದಾರಿ ಸುಲಭ. ಪಡ್ರೆಯ ಸ್ವರ್ಗ ಎಂಬ ಊರಿಗೆ ಹೋಗುವವರು ಮಾತ್ರ ಪಾಣಾಜೆಯ ದಾರಿ ಹಿಡಿಯಲಿ.

ರೈಲಿನ ವಿಷಯದಲ್ಲಿ 'ಹತ್ತಿರದ ನಿಲ್ದಾಣ' ಎಂದು ಒಂದೇ ಹೆಸರು ಕೊಟ್ಟರೆ ಸಾಲದು. ಕೇರಳದ ಕಡೆಯಿಂದ ಬರುವವರಿಗೆ ಕುಂಬಳೆ, ಆದರೆ ಹೆಚ್ಚಿನ ಎಕ್ಸ್‌ಪ್ರೆಸ್‌ಗಳು ಅಲ್ಲಿ ನಿಲ್ಲದ ಕಾರಣ ಕಾಸರಗೋಡಿನಲ್ಲೇ ಇಳಿಯಬೇಕು. ಬೆಂಗಳೂರು, ಹಾಸನದ ಕಡೆಯವರು ಕಬಕ ಪುತ್ತೂರಿನಲ್ಲಿ ಇಳಿದರೆ ಮಂಗಳೂರಿನ ಸುತ್ತು ತಪ್ಪುತ್ತದೆ. ವಿಮಾನಕ್ಕೆ ಮಂಗಳೂರಿನ ಬಜಪೆ ನಿಲ್ದಾಣ.

ಕೇರಳದಲ್ಲಿ ಹರತಾಳವಿದ್ದರೆ ಕರ್ನಾಟಕದ ಬಸ್ಸು ಗಡಿಯಲ್ಲೇ ತಿರುಗಬಹುದು, ಹೊರಡುವ ಮೊದಲು ಕೇಳಿಕೊಳ್ಳಿ. ಕತ್ತಲಾದ ಮೇಲೆ ಒಳರಸ್ತೆಗಳಿಗೆ ಬಸ್ಸು ವಿರಳ. ಪೆರ್ಲ ಪೇಟೆಯಲ್ಲೇ ಇಳಿದು ರಿಕ್ಷಾ ಹಿಡಿಯಿರಿ. ಚಾಲಕರಿಗೆ ಗ್ರಾಮದ ಹೆಸರಿಗಿಂತ ಹತ್ತಿರದ ಶಾಲೆ, ದೇವಸ್ಥಾನ ಅಥವಾ ಮಸೀದಿಯ ಗುರುತು ಹೇಳಿದರೆ ಬೇಗ ತಿಳಿಯುತ್ತದೆ.