ವೆಬ್ ಸರ್ವರ್ ಬರೆದವರು ಆಟದ ಸರ್ವರ್ ಬರೆಯಬಹುದೇ?

ಪ್ರಶ್ನೆ: ಮಾನ್ಯರೇ, ನಾನು ತುಮಕೂರಿನ ಕ್ಯಾತ್ಸಂದ್ರದವನು. ಬಿ.ಇ. ಮುಗಿಸಿ, ಮೂರು ವರ್ಷಗಳಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಂದು ವೆಬ್ ಬ್ಯಾಕೆಂಡ್ (ಜಾಲತಾಣದ ಹಿಂದೆ ಓಡುವ ಸರ್ವರ್) ಕೆಲಸ ಮಾಡುತ್ತಿದ್ದೇನೆ. ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟಗಳ ಸರ್ವರ್ ಬರೆಯುವ ಕೆಲಸಕ್ಕೆ ಹೋಗುವ ಆಸೆಯಿದೆ. ಆದರೆ 2025ರ ಆನ್‌ಲೈನ್ ಗೇಮಿಂಗ್ ಕಾನೂನಿನ ನಂತರ ಈ ಉದ್ಯಮವೇ ಮುಗಿಯಿತೆಂದು ನಮ್ಮ ತಂದೆ ಹೆದರುತ್ತಾರೆ. ಏನು ಮಾಡಲಿ?
— ಓದುಗ, ಕ್ಯಾತ್ಸಂದ್ರ

ಉತ್ತರ: ಧಾರಾಳವಾಗಿ ಹೋಗಬಹುದು, ಆದರೆ ಈಗಿನ ಕೆಲಸಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. ವೆಬ್ ಸರ್ವರ್ ಯಾರಾದರೂ ಕೇಳಿದಾಗ ಉತ್ತರಿಸುತ್ತದೆ. ಆಟದ ಸರ್ವರ್ ಯಾರು ಕೇಳಲಿ ಬಿಡಲಿ ಓಡುತ್ತಲೇ ಇರುತ್ತದೆ. ಸೆಕೆಂಡಿಗೆ 64 ಬಾರಿ ಎಲ್ಲ ಆಟಗಾರರ ಚಲನೆಯನ್ನು ಓದಿಕೊಂಡು, ಯಾರ ಗುಂಡು ಯಾರಿಗೆ ತಗುಲಿತೆಂದು ತೀರ್ಮಾನಿಸಿ, ಹೊಸ ಸ್ಥಿತಿಯನ್ನು ಎಲ್ಲರಿಗೂ ಕಳಿಸುವ ಸರ್ವರ್‌ಗೆ ಒಂದು ಸುತ್ತಿಗೆ ಸಿಗುವ ಕಾಲ 15.6 ಮಿಲಿಸೆಕೆಂಡ್ ಮಾತ್ರ. ವ್ಯಾಲೊರಂಟ್ ಎಂಬ ಶೂಟಿಂಗ್ ಆಟದಲ್ಲಿರುವಂತೆ 128 ಬಾರಿಯಾದರೆ 7.8. ಈ ಸುತ್ತನ್ನೇ ಟಿಕ್ ಎನ್ನುತ್ತಾರೆ. ಗಾರ್ಬೇಜ್ ಕಲೆಕ್ಷನ್‌ಗೆಂದು, ಅಂದರೆ ಬಳಸಿ ಮುಗಿದ ಮೆಮೊರಿಯನ್ನು ತೆರವು ಮಾಡಲೆಂದು, ಪ್ರೋಗ್ರಾಂ 30 ಮಿಲಿಸೆಕೆಂಡ್ ನಿಂತರೆ, ವೆಬ್‌ನಲ್ಲಿ ಯಾರ ಗಮನಕ್ಕೂ ಬಾರದ ಆ ವಿರಾಮ ಇಲ್ಲಿ, 64 ಬಾರಿಯ ಲೆಕ್ಕದಲ್ಲೇ, ಹೆಚ್ಚುಕಡಿಮೆ ಎರಡು ಟಿಕ್‌ಗಳನ್ನು ನುಂಗಿಹಾಕುತ್ತದೆ.

ಇದನ್ನು ಕಲಿಯಲು ನಿಮ್ಮ ರೈಲು ಪ್ರಯಾಣಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಪರದೆಯ ಮೇಲೆ ಎರಡು ಚೌಕಗಳು ಓಡಾಡುವಷ್ಟು ಪುಟ್ಟ ಆಟವೊಂದನ್ನು ಬರೆದು, ಅದರ ಸರ್ವರನ್ನು ಮುಂಬಯಿಯಲ್ಲಿ ಬಾಡಿಗೆಗೆ ಪಡೆದ ಯಂತ್ರದಲ್ಲಿಟ್ಟು, ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಆಡಿ ನೋಡಿ. ಹಿರೇಹಳ್ಳಿ ದಾಟಿ ಫೋನು ಒಂದು ಟವರ್‌ನಿಂದ ಇನ್ನೊಂದಕ್ಕೆ ಜಿಗಿಯುವ ಹೊತ್ತಿಗೆ ಎದುರಾಳಿಯ ಚೌಕ ಮರಗಟ್ಟಿ ನಿಂತು, ಆಮೇಲೆ ಒಮ್ಮೆಲೇ ಓಡಿಬಂದರೆ, ನೀವು ಬಹುಶಃ ಟಿಸಿಪಿ ಎಂಬ ಮಾಹಿತಿ ಸಾಗಣೆಯ ವಿಧಾನ ಬಳಸಿದ್ದೀರಿ ಎಂದರ್ಥ. ಅದು ಕಳೆದುಹೋದ ಒಂದು ಪ್ಯಾಕೆಟ್‌ಗಾಗಿ (ಮಾಹಿತಿಯ ತುಣುಕಿಗಾಗಿ) ಅದರ ನಂತರ ಬಂದವನ್ನೆಲ್ಲ ತಡೆದಿಡುತ್ತದೆ. ಹಾಗೆ ಕಾಯದ ಯುಡಿಪಿ ಎಂಬ ವಿಧಾನ ಬಳಸಿದರೆ ಹಳೆಯ ಸ್ಥಾನವನ್ನು ಬಿಟ್ಟು ಹೊಸದನ್ನಷ್ಟೇ ತೋರಿಸಬಹುದು. ಉತ್ತರ ಬರುವ ಮೊದಲೇ ನಿಮ್ಮ ಚೌಕವನ್ನು ನಿಮ್ಮ ಪರದೆಯಲ್ಲಿ ಸರಿಸಿ, ಸರ್ವರ್‌ನ ಮಾತು ಬಂದಮೇಲೆ ತಿದ್ದಿಕೊಳ್ಳುವ ಉಪಾಯವನ್ನು 1996ರ ಕ್ವೇಕ್‌ವರ್ಲ್ಡ್ ಎಂಬ ಆಟ ಪ್ರಸಿದ್ಧಗೊಳಿಸಿತು. ಅದು ಇಂದಿಗೂ ಬಳಕೆಯಲ್ಲಿದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಆಟಗಾರನ ಫೋನು "ನಾನು ಇಲ್ಲಿದ್ದೇನೆ" ಎಂದು ಹೇಳುವಂತಿರಬಾರದು, "ಬಲಗಡೆ ಒತ್ತಿದೆ" ಎಂದಷ್ಟೇ ಹೇಳಬೇಕು. ಎಲ್ಲಿದ್ದಾನೆಂಬುದನ್ನು ಸರ್ವರೇ ಲೆಕ್ಕ ಹಾಕಬೇಕು. ನಾನು ಮೊದಲು ಕೆಲಸಕ್ಕಿದ್ದ ಕಡೆ ಅವಸರಕ್ಕೆ ಫೋನಿನ ಮಾತನ್ನೇ ನಂಬಿದೆವು. ವಾರ ಕಳೆಯುವುದರೊಳಗೆ ಕೆಲವರು ಗೋಡೆಯೊಳಗಿಂದ ನಡೆದುಹೋಗುತ್ತಿದ್ದರು, ಪ್ರಾಮಾಣಿಕವಾಗಿ ಆಡುತ್ತಿದ್ದ ಮಕ್ಕಳು ಆಟ ಬಿಟ್ಟು ಹೋದರು. ಆ ನೋವು ಇನ್ನೂ ನನ್ನಲ್ಲಿದೆ.

ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಟಿಕ್ ಓಡಿಸುವ ಭಾಗಕ್ಕೆ ಸಿ++, ಆಟಗಾರರಿಗೆ ಎದುರಾಳಿ ಹುಡುಕುವ, ಅಂಕಪಟ್ಟಿ ಇಡುವ ಸುತ್ತಲಿನ ಸೇವೆಗಳಿಗೆ ಗೋ (Go) ಭಾಷೆ ಸಾಕು. ಈ ಎರಡನೆಯ ಭಾಗಕ್ಕೆ ನಿಮ್ಮ ಈಗಿನ ಅನುಭವವೇ ಬಂಡವಾಳ, ಒಳಗೆ ಕಾಲಿಡಲು ಅದೇ ಸುಲಭದ ಬಾಗಿಲು.

ತಂದೆಯವರ ಆತಂಕ ಸುಳ್ಳಲ್ಲ. ಆದರೆ ಆ ಕಾನೂನು ನಿಷೇಧಿಸಿದ್ದು ಹಣ ಪಣಕ್ಕಿಟ್ಟು ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್ ಮತ್ತು ಹಣ ಪಣಕ್ಕಿಡದ ಆಟಗಳನ್ನು ಅದು ಬೇರೆಯಾಗಿಯೇ ಗುರುತಿಸಿದೆ. ಆದ್ದರಿಂದ ಕೆಲಸಕ್ಕೆ ಸೇರುವ ಮೊದಲು ಆ ಕಂಪನಿಗೆ ಹಣ ಎಲ್ಲಿಂದ ಬರುತ್ತದೆಂದು ನೇರವಾಗಿ ಕೇಳಿ. ಸಂಜೆ, ಭಾನುವಾರ, ದೀಪಾವಳಿ ರಜೆ ಎಂದರೆ ಜನ ಆಡುವ ಹೊತ್ತು, ಆಗ ನೀವು ಪಾಳಿಯಲ್ಲಿರಬೇಕಾಗಬಹುದು ಎಂಬುದನ್ನೂ ಮನೆಯವರಿಗೆ ಈಗಲೇ ತಿಳಿಸಿಬಿಡಿ.

ಸಂದರ್ಶನಕ್ಕೆ ಹೋಗುವಾಗ ಆ ಚೌಕಗಳ ಪ್ರೋಗ್ರಾಂ ಜತೆಗಿರಲಿ. ಕೃತಕ ಆಟಗಾರರನ್ನು ಹತ್ತು, ನೂರು, ಇನ್ನೂರು ಎಂದು ಏರಿಸುತ್ತ ಹೋದಾಗ ಯಾವ ಸಂಖ್ಯೆಯಲ್ಲಿ ಟಿಕ್ ತಡವಾಗತೊಡಗಿತು, ಏಕೆ ತಡವಾಯಿತು ಎಂಬುದನ್ನು ಅಳೆದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ.